ರಾಕ್ಷಸರ ಕಣ್ಣು ಬರೆದ ಕೈ

ಮೊನ್ನೆ ನನ್ನ ಹೆಂಡತಿ ಭಾರತಿ ಮೇಜಿನ ಖಾನೆ ಚೊಕ್ಕ ಮಾಡುತ್ತಿದ್ದವಳು ಒಂದು ಬ್ರಶ್ಶು ಹಿಡಿದುಕೊಂಡು ಬಂದು, ಇದನ್ನು ಎಸೆಯಲೋ ಇಡಲೋ ಎಂದು ಕೇಳಿದಳು. ಕೇಳಿದ್ದರಲ್ಲಿ ತಪ್ಪಿಲ್ಲ. ಅದರ ತುದಿಯಲ್ಲಿ ಇರುವುದು ನಾಲ್ಕೇ ಕೂದಲು. ನನ್ನ ನೆತ್ತಿಯ ಮೇಲೂ ಸುಮಾರು ಅಷ್ಟೇ ಉಳಿದಿವೆ, ಆದರೆ ನನ್ನನ್ನು ಎಸೆಯುವ ಮಾತನ್ನು ಅವಳು ಇನ್ನೂ ಎತ್ತಿಲ್ಲ. ಇಟ್ಟಿರು ಎಂದೆ. ಸೆರಗಿನಿಂದ ಒರೆಸಿ ಮತ್ತೆ ಖಾನೆಯಲ್ಲಿಟ್ಟಳು. ಒರೆಸಿದಳೆಂದರೆ ಅವಳಿಗೂ ನೆನಪಾಯಿತೆಂದೇ ಅರ್ಥ. ವಯಸ್ಸು ಅರವತ್ತು ದಾಟಿದರೂ ಆ ಬ್ರಶ್ಶು ಕಂಡರೆ ನನ್ನ ಅಂಗೈ ಬೆವರುತ್ತದೆ.

ಅದು ಸವೆದ ಬ್ರಶ್ಶಲ್ಲ ಎಂದು ಮೊದಲೇ ಹೇಳಿಬಿಡಬೇಕು. ಸೊನ್ನೆ ನಂಬರಿನ ಹೊಸ ಬ್ರಶ್ಶನ್ನು ತಂದು, ಬ್ಲೇಡಿನಿಂದ ಒಂದೊಂದೇ ಕೂದಲು ಕೊಯ್ದು, ನಾನೇ ನಾಲ್ಕಕ್ಕೆ ಇಳಿಸಿದ್ದು. ಹೆಬ್ಬೆರಳುದ್ದದ ಮರದ ಗೊಂಬೆಗಳಿಗೆ ಅದರಲ್ಲಿ ಕಣ್ಣು ಬರೆಯುತ್ತಿದ್ದೆ. ಆಗ ನನಗೆ ಮೂವತ್ತೆಂಟು ವರ್ಷ. ಶಿರಸಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲ್ಯಾಬಿನ ಸಹಾಯಕ. ಕಪ್ಪೆಗಳಿಗೆ ಚೀಟಿ ಅಂಟಿಸುವುದು, ಬಾಟಲಿಗಳ ಧೂಳು ಒರೆಸುವುದು, ಜಿರಲೆ ಕಂಡು ಹೆದರುವ ವಿದ್ಯಾರ್ಥಿಗಳಿಗೆ ಧೈರ್ಯ ಹೇಳುವುದು ನನ್ನ ಕೆಲಸ. ಇಂಥ ಮನುಷ್ಯ ಭಾನುವಾರ ಬಂದರೆ ಮೇಜಿನ ಮೇಲೆ ಗೊಂಬೆ ಜೋಡಿಸಿಕೊಂಡು, 'ನಿಮ್ಮ ಎದುರಿಗೆ ಕಬ್ಬಿಣದ ಕದ ಇದೆ, ಆಚೆಯಿಂದ ಏನೋ ಉಸಿರಾಡುವ ಸದ್ದು ಕೇಳುತ್ತಿದೆ, ಏನು ಮಾಡುತ್ತೀರಿ?' ಎಂದು ದಪ್ಪ ದನಿಯಲ್ಲಿ ಕೇಳುತ್ತಿದ್ದ ಎಂದರೆ ನಿಮಗೆ ನಗು ಬರಬಹುದು. ನಾವಿದ್ದ ಇಸಳೂರಿನ ಅಕ್ಕಪಕ್ಕದವರಿಗೂ ಬರುತ್ತಿತ್ತು.

ಹುಚ್ಚಿನ ಬೀಜ ಮಾತ್ರ ಹಳೆಯದು. ಚಿಕ್ಕವನಿದ್ದಾಗ ಅಮ್ಮಮ್ಮನ ಚೆನ್ನೆಮಣೆಯ ಗುಲಗಂಜಿಗಳಿಗೆ ನಾನು ಒಬ್ಬೊಬ್ಬರಿಗೂ ಹೆಸರಿಟ್ಟಿದ್ದೆ. ಗುಲಗಂಜಿಗೆ ಕಣ್ಣು ಹುಟ್ಟಿನಿಂದಲೇ ಬಂದಿರುತ್ತದಲ್ಲ, ಕೆಂಪು ಮೈಗೆ ಕಪ್ಪು ಬೊಟ್ಟು. ಅಮ್ಮಮ್ಮ ಆಡುವಾಗ ನನ್ನ ಸೇನಾಪತಿಯನ್ನು ಬೇರೆ ಗುಳಿಗೆ ಹಾಕಿಬಿಟ್ಟರೆ ನಾನು ಅಳುತ್ತಿದ್ದೆ, ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆಟವನ್ನು ತಂದವನು ಯಲ್ಲಾಪುರದ ಇಮ್ತಿಯಾಜ್. ಅವನ ಮನೆಯವರದ್ದು ಲಾರಿ ವ್ಯವಹಾರ. ತೊಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಲಾರಿಯ ಜೊತೆ ಮುಂಬೈಗೆ ಹೋದವನು ಫುಟ್‌ಪಾತಿನ ರಾಶಿಯಿಂದ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕವನ್ನೂ ಒಂದು ಚೀಲ ವಿಚಿತ್ರ ದಾಳಗಳನ್ನೂ ತಂದ. ಒಂದು ದಾಳಕ್ಕಂತೂ ಇಪ್ಪತ್ತು ಮುಖ. ಬಾಟಲಿಗಳ ಮೇಲಿನ ಲ್ಯಾಟಿನ್ ಹೆಸರು ಓದುವವನು ಇದನ್ನೂ ಓದಬಹುದೆಂದು ನನ್ನ ಬಳಿ ಬಂದಿದ್ದ. ಓದಿದೆ. ಅದೊಂದು ಆಟದ ಪುಸ್ತಕ, ಆಟದಲ್ಲಿ ಕತೆ ಹೇಳುವವನು ಒಬ್ಬ. ಉಳಿದವರು ಒಬ್ಬೊಬ್ಬರು ಒಬ್ಬೊಬ್ಬ ವೀರನಾಗಿ ಆ ಕತೆಯೊಳಗೆ ನಡೆಯಬೇಕು. ಕದ ಒಡೆಯುತ್ತೇನೆ, ರಾಕ್ಷಸನನ್ನು ಹೊಡೆಯುತ್ತೇನೆ ಎಂದು ಯಾರು ಬೇಕಾದರೂ ಹೇಳಬಹುದು. ಆಯಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಸತ್ತರೆ ಸತ್ತ ಹಾಗೇ. ಸಿದ್ದಾಪುರದ ಗಣಿತದ ಮೇಷ್ಟ್ರು ಹೆಗಡೆಯವರು ಮೂರನೆಯವರಾಗಿ ಸೇರಿದರು. ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುವರು, ದಾಳ ಹಾಕುವ ಮೊದಲು ಕಾಗದದ ಮೇಲೆ ಸಾಧ್ಯತೆಯ ಲೆಕ್ಕ ಮಾಡುವರು, ಲೆಕ್ಕ ಸರಿ ಬಂದು ದಾಳ ತಪ್ಪಿದಾಗ ದಾಳಕ್ಕೇ ಬಯ್ಯುವರು.

ನಾನು ಕತೆಗಾರ. ಮದುವೆ ಕರೆಯೋಲೆಗಳನ್ನು ಅಂಟಿಸಿ ಒಂದು ಮರೆ ಮಾಡಿಕೊಂಡು ಅದರ ಹಿಂದೆ ನನ್ನ ದಾಳ ಹಾಕುತ್ತಿದ್ದೆ. ಆ ಮರೆಯ ಹಿಂದೆ ನಾನು ಎಷ್ಟು ಸುಳ್ಳು ಹೇಳಿದ್ದೇನೆ ಎಂಬುದು ಇವತ್ತಿಗೂ ಅವರಿಬ್ಬರಿಗೆ ಗೊತ್ತಿಲ್ಲ. ಮೇಷ್ಟ್ರ ವೀರ ಮೂರು ಸಲ ಸಾಯಬೇಕಿತ್ತು. ಆದರೆ ಸಿದ್ದಾಪುರದಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದ ಮನುಷ್ಯನನ್ನು ಹನ್ನೊಂದು ಗಂಟೆಗೇ ಕೊಂದು ಕೂರಿಸುವುದು ಹೇಗೆ?

ಗೊಂಬೆಗಳದ್ದೇ ತೊಂದರೆ. ಪುಸ್ತಕದ ಚಿತ್ರಗಳಲ್ಲಿದ್ದ ಸೀಸದ ಪುಟ್ಟ ಗೊಂಬೆಗಳು ನಮಗೆಲ್ಲಿ ಸಿಗಬೇಕು? ಮೊದಲು ಅಡಿಗೆಮನೆಯಿಂದ ಸೈನ್ಯ ಕಟ್ಟಿದೆವು. ಗೋಟಡಿಕೆ ದೈತ್ಯ, ಕಾಳುಮೆಣಸು ಕುಬ್ಜರು, ಏಲಕ್ಕಿ ಮಂತ್ರವಾದಿ. ಒಂದು ಭಾನುವಾರ ಯುದ್ಧ ಬಿಸಿಯೇರಿದಾಗ ಮೇಷ್ಟ್ರು ಮಾತಿನ ಭರದಲ್ಲಿ ಮಂತ್ರವಾದಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡು ಅಗಿದುಬಿಟ್ಟರು. ಅವತ್ತೇ ಸಂಜೆ ನಾನು ಚೌಡಪ್ಪ ಗುಡಿಗಾರರ ಬಾಗಿಲಿಗೆ ಹೋದೆ.

ಚೌಡಪ್ಪನವರು ಶಿರಸಿಯ ಒಂದು ಓಣಿಯಲ್ಲಿ ಮನೆಯ ಜಗಲಿಯನ್ನೇ ಕಾರ್ಖಾನೆ ಮಾಡಿಕೊಂಡು ಕೂತವರು. ಎಪ್ಪತ್ತರ ಹತ್ತಿರ ವಯಸ್ಸು, ಮೂರು ತಲೆಮಾರಿನಿಂದ ಮರದ ದೇವರುಗಳನ್ನು ಕೆತ್ತಿ ಬಣ್ಣ ಹಚ್ಚುವ ಮನೆತನ. ನನ್ನ ಪುಸ್ತಕದ ಚಿತ್ರಗಳನ್ನು ಬಹಳ ಹೊತ್ತು ನೋಡಿ, ಇವರಿಗೆಲ್ಲ ಊಟ ಸರಿ ಇಲ್ಲ ಎಂದರು. ಉಳಿದ ಚೂರು ಮರದಲ್ಲಿ ಒಂದೊಂದೇ ಗೊಂಬೆ ಕೆತ್ತಿಕೊಟ್ಟರು. ಚಿತ್ರದಲ್ಲಿ ಹೇಗಿದ್ದರೂ ಅವರ ಕೈಯಿಂದ ಬರುವಾಗ ಕುಬ್ಜನಿಗೆ ಕಚ್ಚೆಪಂಚೆ ಬಂದಿರುತ್ತಿತ್ತು. ಬೆಂಕಿಯುಗುಳುವ ಹಾರುಹಾವಿಗೆ ದೇವರ ಪ್ರಭಾವಳಿಯ ಮೇಲಿನ ಸಿಂಹದ ಮುಖ ಬಂತು. ಇಮ್ತಿಯಾಜನ ವೀರ ಕತೆಯಲ್ಲಿ ಒಂದು ಕೈ ಕಳೆದುಕೊಂಡಿದ್ದ. ಹಾಗೇ ಕೆತ್ತಿಕೊಡಿ ಎಂದರೆ ಚೌಡಪ್ಪನವರು ಒಪ್ಪಲಿಲ್ಲ, ಅಂಗ ಊನವಾದದ್ದು, ಭಿನ್ನವಾದದ್ದು ತಮ್ಮ ಕೈಯಿಂದ ಹೊರಗೆ ಹೋಗುವುದಿಲ್ಲ ಎಂದರು. ಕೊನೆಗೆ ನಾನೇ ಸೋತು, ಕಾಡಿನ ನಡುವೆ ಕೈ ಚಿಗುರಿಸುವ ಒಂದು ಮಾಯದ ಕೊಳವನ್ನು ಹುಟ್ಟಿಸಿ ಇಮ್ತಿಯಾಜನನ್ನು ಅದರಲ್ಲಿ ಮುಳುಗಿಸಬೇಕಾಯಿತು.

ಕಣ್ಣನ್ನೂ ಅವರು ಬರೆಯುತ್ತಿರಲಿಲ್ಲ. ಎಲ್ಲ ಗೊಂಬೆಯೂ ಕುರುಡಾಗಿಯೇ ಬರುತ್ತಿತ್ತು. ಕೇಳಿದ್ದಕ್ಕೆ, "ಕಣ್ಣು ಬಿಟ್ಟ ಮೇಲೆ ಅದಕ್ಕೆ ಅನ್ನ ಹಾಕೋರು ಯಾರು ಭಟ್ರೆ?" ಎಂದರು. ಕಣ್ಣು ಬರೆದರೆ ಜೀವ ಬಂತು, ಜೀವ ಬಂದರೆ ನೋಡಿಕೊಳ್ಳುವವರು ಬೇಕು, ಅದು ಅವರ ಲೆಕ್ಕ. ನಮ್ಮ ರಾಕ್ಷಸರನ್ನು ಸಾಕುವ ಹೊಣೆ ನನ್ನದಾದ್ದರಿಂದ ಕಣ್ಣೂ ನನ್ನ ಪಾಲಿಗೆ ಬಂತು.

ಹೀಗೆ ಕಲಿತೆ. ಲ್ಯಾಬಿನ ಹಳೆಯ ಭೂತಗನ್ನಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಮೊಣಕೈ ಎರಡನ್ನೂ ಮೇಜಿಗೆ ಊರಿ, ಗೊಂಬೆ ಹಿಡಿದ ಎಡದ ಮಣಿಕಟ್ಟಿಗೆ ಬ್ರಶ್ಶು ಹಿಡಿದ ಬಲದ ಮಣಿಕಟ್ಟನ್ನು ಒತ್ತಿ ಹಿಡಿಯಬೇಕು. ಆಗ ಎರಡು ಕೈ ಒಂದೇ ಆಗುತ್ತದೆ, ನಡುಗಿದರೂ ಗೊಂಬೆ ಮತ್ತು ಬ್ರಶ್ಶು ಒಟ್ಟಿಗೇ ನಡುಗುತ್ತವೆ. ಅರ್ಧ ಉಸಿರು ಬಿಟ್ಟು ನಿಲ್ಲಿಸಬೇಕು. ಕಣ್ಣಿನ ಗುಡ್ಡೆಗೆ ಚುಕ್ಕೆ ಇಡಬಾರದು, ಮೇಲಿಂದ ಕೆಳಗೆ ಒಂದು ಗೆರೆ ಎಳೆಯಬೇಕು. ಇಷ್ಟು ತಿಳಿಯಲು ಎರಡು ವರ್ಷ ಹೋಯಿತು. ಮೊದಲ ರಾಕ್ಷಸರೆಲ್ಲ ಮೆಳ್ಳೆಗಣ್ಣಿನವರು. ಆಮೇಲಾಮೇಲೆ ಅವರು ಎದುರಿಗಿದ್ದವರನ್ನು ನೋಡತೊಡಗಿದರು. ಆ ಸಂತೋಷವನ್ನು ಯಾರಿಗೂ ವಿವರಿಸಲು ಬರುವುದಿಲ್ಲ. ಒಂದು ಗೆರೆ ಎಳೆಯುವ ಮೊದಲು ಅದು ಮರ, ಎಳೆದ ಮೇಲೆ ಅದು ನನ್ನನ್ನು ನೋಡುತ್ತಿರುತ್ತದೆ. ಸಂಬಳದ ಬಡ್ತಿ ಬಂದಾಗಲೂ ನನಗೆ ಅಷ್ಟು ಸಂತೋಷ ಆದದ್ದಿಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾದ ಮೇಲಿನ ಒಂದು ಭಾನುವಾರ, ನಾವು ಆಟದ ನಡುವೆ ಇದ್ದಾಗ ಚೌಡಪ್ಪನವರು ಮನೆಗೆ ಬಂದರು. ಅವರು ಬಂದದ್ದೇ ಆಶ್ಚರ್ಯ, ಯಾವಾಗಲೂ ನಾವೇ ಹೋಗುವುದು. ಕೂತುಕೊಳ್ಳಿ ಎಂದರೆ ಕೂರಲಿಲ್ಲ. ಮೇಜಿನ ಮೇಲಿದ್ದ ಹಾರುಹಾವನ್ನು ಎತ್ತಿ ಭೂತಗನ್ನಡಿಯ ಕೆಳಗೆ ಹಿಡಿದು ಅದರ ಕಣ್ಣನ್ನು ನೋಡಿದರು. ಹಿಡಿದ ಕೈ ನಡುಗುತ್ತಿತ್ತು. ಭಾರತಿ ಕೊಟ್ಟ ಚಾ ಬಸಿಯಲ್ಲೇ ಅರ್ಧ ಚೆಲ್ಲಿತು. ನಾವೆಲ್ಲ ಅದನ್ನು ಕಾಣದವರ ಹಾಗೆ ನಟಿಸಿದೆವು. ಹೋಗುವಾಗ ಗೇಟಿನ ಹತ್ತಿರ ನನ್ನೊಬ್ಬನನ್ನೇ ಕರೆದರು.

ಅವರು ಹೇಳಿದ್ದು ಇಷ್ಟು. ಕಾನಸೂರಿನಿಂದ ಒಳಗೆ ಒಂದು ಊರಿದೆ. (ಹೆಸರು ಬರೆಯುವುದಿಲ್ಲ, ಯಾಕೆಂದು ನಿಮಗೇ ತಿಳಿಯುತ್ತದೆ.) ಅಲ್ಲಿಯ ಊರಮ್ಮ ಮರದ ಅಮ್ಮ. ಹಲವು ವರ್ಷಕ್ಕೊಮ್ಮೆ ಹಳೆಯ ಬಣ್ಣ ಕೆರೆದು ಹೊಸದು ಹಚ್ಚುತ್ತಾರೆ. ಅಷ್ಟು ದಿನ ಅಮ್ಮನ ಶಕ್ತಿಯನ್ನು ಕಲಶದಲ್ಲಿ ಇಟ್ಟಿರುತ್ತಾರೆ. ಕೊನೆಯ ದಿನ ಬೆಳಿಗ್ಗೆ, ಗೊತ್ತು ಮಾಡಿದ ಮುಹೂರ್ತಕ್ಕೆ, ಪರದೆಯ ಒಳಗೆ ಕಣ್ಣಿನ ಕರಿಗುಡ್ಡೆ ಬರೆದು ಪರದೆ ಸರಿಸಬೇಕು. ಅಜ್ಜನ ಕಾಲದಿಂದ ಆ ಕಣ್ಣು ಚೌಡಪ್ಪನವರ ಮನೆಯದ್ದು. ಮೈಯ ಬಣ್ಣ ಹೇಗೋ ಮುಗಿಸಿದ್ದರು. ಕಣ್ಣಿಗೆ ಮಾತ್ರ ಕೈ ಬರುವುದಿಲ್ಲ. ಊರಿನ ಹುಡುಗರು ಈಗಾಗಲೇ, ಅಜ್ಜನ ಕೈಯಲ್ಲಿ ಆಗದಿದ್ದರೆ ಸ್ಪ್ರೇ ಮಾಡುವ ಹೊಸಬರನ್ನು ಕರೆಸೋಣ ಎಂದು ಆಡಿಕೊಳ್ಳುತ್ತಿದ್ದರು. ಸೋಫಾ ಕೆತ್ತನೆಯ ಮಿಶಿನ್ನು ಇಟ್ಟುಕೊಂಡಿದ್ದ ಮಗ, ಸಾಕು ಬಿಡು ಅಪ್ಪ ಎಂದುಬಿಟ್ಟಿದ್ದನಂತೆ.

"ಕಣ್ಣು ನೀವು ಬರೀಬೇಕು," ಎಂದರು. "ಪರದೆ ಒಳಗೆ ನಾವಿಬ್ಬರೇ. ಹೊರಗೆ ಯಾರಿಗೂ ಗೊತ್ತಾಗೂದಿಲ್ಲ."

ನಿಮ್ಮವರೇ ಯಾರಾದರೂ ಇದ್ದಾರಲ್ಲ, ಸೊರಬದ ಕಡೆ, ಸಾಗರದ ಕಡೆ, ಎಂದು ತೊದಲಿದೆ.

"ಅವರು ಕಣ್ಣು ಬರದ್ರೆ ಮುಂದಿನ ಸಲಕ್ಕೆ ಹಕ್ಕು ಕೇಳ್ತಾರೆ. ನೀವಾದ್ರೆ ಕೇಳೂದಿಲ್ಲ."

ಅವರು ಕನ್ನಡಿಯ ವಿಷಯ ಹೇಳಿದ್ದೂ ಆಗಲೇ. ಕರಿಗುಡ್ಡೆ ಬರೆಯುವಾಗ ಅಮ್ಮನ ಮುಖವನ್ನು ನೇರ ನೋಡುವಂತಿಲ್ಲ. ಪಕ್ಕದಲ್ಲಿ ಒಬ್ಬ ಕನ್ನಡಿ ಹಿಡಿದಿರುತ್ತಾನೆ, ಬರೆಯುವವನು ಅದರಲ್ಲಿ ನೋಡಿಕೊಂಡು ಬರೆಯಬೇಕು. ಅಮ್ಮ ಕಣ್ಣು ಬಿಟ್ಟಾಗಿನ ಮೊದಲ ನೋಟ ಕನ್ನಡಿಗೇ ಬೀಳಬೇಕು. ಮನುಷ್ಯರ ಮೇಲೆ ಬಿದ್ದರೆ ತಡೆದುಕೊಳ್ಳುವ ತಾಕತ್ತು ಮನುಷ್ಯರಿಗಿಲ್ಲ. ಅವರ ದೊಡ್ಡಪ್ಪ ಒಬ್ಬರು ಒಂದು ಸಲ ಮರೆತು ನೋಡಿದ್ದರಂತೆ. ಆಮೇಲೆ ಏನಾಯಿತೆಂದು ಚೌಡಪ್ಪನವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಗಲಿ ಎಂದುಬಿಟ್ಟೆ. ಯಾಕೆ ಎಂದೆನೋ ಗೊತ್ತಿಲ್ಲ. ಗೇಟನ್ನು ಹಿಡಿದುಕೊಂಡಿದ್ದ ಆ ಕೈ ನೋಡಿ ಇಲ್ಲವೆನ್ನಲು ಆಗಲಿಲ್ಲ. ಜೊತೆಗೆ, ಸುಳ್ಳೇಕೆ, ಒಳಗೊಳಗೇ ಜಂಬವೂ ಆಗಿತ್ತು. ಊರಿಡೀ ನಕ್ಕಿದ್ದ ಕೆಲಸಕ್ಕೆ ಒಬ್ಬ ಗುಡಿಗಾರರು ಬೆಲೆ ಕಟ್ಟಿದ್ದರು.

ಭಾರತಿಗೆ ಹೇಳಿದಾಗ ಅವಳು ಕಾಯಿ ತುರಿಯುವುದನ್ನು ನಿಲ್ಲಿಸಿದಳು. "ನಿಂಗ ಇಷ್ಟು ದಿನ ಕಣ್ಣು ಬರದ್ದು ರಾಕ್ಷಸರಿಗೆ," ಎಂದಳು. "ನಾಳೆ ಎಂತಾರೂ ಹೆಚ್ಚುಕಮ್ಮಿ ಆದ್ರೆ ಆ ಊರವ್ಕೆ ಎಂತ ಹೇಳ್ತ್ರಿ?"

"ಗೊತ್ತಿಲ್ಲೆ," ಎಂದೆ. ಅದಕ್ಕಿಂತ ನಿಜವಾದ ಮಾತನ್ನು ನಾನು ಅವಳಿಗೆ ಆವರೆಗೆ ಹೇಳಿರಲಿಲ್ಲ.

ಮೂರು ವಾರ ಇತ್ತು. ಕಾಲೇಜಿನಿಂದ ಬಂದವನೇ ಕ್ಷೌರದ ಕನ್ನಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಅದರಲ್ಲಿ ನೋಡಿಕೊಂಡು ಗೊಂಬೆಗಳಿಗೆ ಕಣ್ಣು ಬರೆಯಲು ಕೂರುತ್ತಿದ್ದೆ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ ಎಂದು ಎಲ್ಲರಿಗೂ ಗೊತ್ತು, ಕೈಗೆ ಮಾತ್ರ ಗೊತ್ತಿರುವುದಿಲ್ಲ. ಮೊದಲ ವಾರ ಒಬ್ಬ ಕುಬ್ಜನಿಗೆ ಕಿವಿಯ ಮೇಲೆ ಕಣ್ಣು ಬಂತು. ಎರಡನೆಯ ವಾರ ಕಣ್ಣು ಕಣ್ಣಿನ ಜಾಗಕ್ಕೆ ಬಂತು. ಮೂರನೆಯ ವಾರ ಹತ್ತಕ್ಕೆ ಒಂಬತ್ತು ಸರಿಯಾಗತೊಡಗಿದವು. ಆ ಹತ್ತನೆಯದನ್ನು ನೆನೆದು ಊಟ ಸೇರುತ್ತಿರಲಿಲ್ಲ. ಆಟದ ಗೆಳೆಯರಿಬ್ಬರಿಗೂ ಗುಟ್ಟು ಹೇಳಿದ್ದೆ. ಮೇಷ್ಟ್ರು ಲೆಕ್ಕ ಮಾಡಿ, ಎರಡು ಕಣ್ಣೂ ಸರಿ ಬರುವ ಸಾಧ್ಯತೆ ನೂರಕ್ಕೆ ಎಂಬತ್ತೊಂದು ಎಂದರು. ಸಮಾಧಾನಕ್ಕೆಂದೇ ಹೇಳಿದ್ದು. ಉಳಿದ ಹತ್ತೊಂಬತ್ತನ್ನು ನಾನು ರಾತ್ರಿಯಿಡೀ ಎಣಿಸಿದೆ. ಇಲ್ಲಿ ಕರೆಯೋಲೆಯ ಮರೆ ಇಲ್ಲ, ಬಿದ್ದದ್ದನ್ನು ಬದಲಿಸಿ ಹೇಳುವಂತಿಲ್ಲ.

ಆ ದಿನ ಇಮ್ತಿಯಾಜ್ ತನ್ನ ವ್ಯಾನು ತಂದ. ಚೌಡಪ್ಪನವರು ಮುಂದೆ, ನಾನು ಹಿಂದೆ, ತೊಡೆಯ ಮೇಲೆ ಬ್ರಶ್ಶಿನ ಡಬ್ಬಿ. ಇಬ್ಬರೂ ಉಪವಾಸ. ದಾರಿಯಲ್ಲಿ ಒಂದು ತಿರುವು ಕಳೆದ ಮೇಲೆ ಇಮ್ತಿಯಾಜ್ ವ್ಯಾನಿನ ಕನ್ನಡಿಯಲ್ಲಿ ನನ್ನನ್ನು ನೋಡಿ, "ಕದ ಎದುರಿಗಿದೆ ಭಟ್ರೆ, ಏನು ಮಾಡ್ತೀರಿ?" ಎಂದ. ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ. ಆರು ವರ್ಷ ನಾನು ಅದೇ ಪ್ರಶ್ನೆಯನ್ನು ಎಷ್ಟು ಆರಾಮವಾಗಿ ಕೇಳಿದ್ದೆ.

ಗುಡಿಯ ಎದುರು ಚಪ್ಪರ, ಚಪ್ಪರದ ತುಂಬ ಜನ. ಹೆಂಗಸರು ಆರತಿಯ ತಟ್ಟೆ ಹಿಡಿದು ಕೂತಿದ್ದರು. ಡೊಳ್ಳಿನವರು ಡೊಳ್ಳಿನ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದರು. ಊರಿನ ಹಿರಿಯ ರಾಮ ನಾಯ್ಕರು ಚೌಡಪ್ಪನವರನ್ನು ಕೈಮುಗಿದು ಒಳಗೆ ಕರೆದೊಯ್ದರು. ನನ್ನನ್ನು ಕನ್ನಡಿ ಹಿಡಿಯುವವರೆಂದು ಪರಿಚಯಿಸಿದ್ದಾಯಿತು. ನಾಯ್ಕರು ನನಗೂ ಕೈಮುಗಿದರು. ನಾಚಿಕೆಯಿಂದ ನೆಲ ನೋಡಿದೆ.

ಪರದೆ ಬಿತ್ತು. ನಾವಿಬ್ಬರು ಮತ್ತು ಅವಳು.

ನಾನು ಮಾಡಿದ್ದ ತಪ್ಪು ಆಗ ಗೊತ್ತಾಯಿತು. ಅಮ್ಮನ ಮುಖ ಮೊರದಷ್ಟು ಅಗಲ. ಒಂದೊಂದು ಕಣ್ಣು ನನ್ನ ಅಂಗೈ ಉದ್ದ, ಬೆಳ್ಳಗೆ, ಖಾಲಿ. ಊರಮ್ಮನ ಮೂರ್ತಿ ಎಷ್ಟಿರುತ್ತದೆಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಸಾಸಿವೆಯಷ್ಟು ಕಣ್ಣು ಬರೆಯುವವನಿಗೆ ದೊಡ್ಡದು ಇನ್ನೂ ಸುಲಭ ಎಂದುಕೊಂಡಿದ್ದೆ. ಆರು ವರ್ಷದಲ್ಲಿ ಒಂದು ಸಲವೂ ನಾನು ಮೇಜಿಲ್ಲದೆ ಬರೆದವನಲ್ಲ. ಇಲ್ಲಿ ನಿಂತು ಬರೆಯಬೇಕು, ಕೈಯನ್ನು ಗಾಳಿಯಲ್ಲಿ ಚಾಚಿ ಬರೆಯಬೇಕು. ಮೊಣಕೈ ಊರಲು ಏನೂ ಇಲ್ಲ. ಮಣಿಕಟ್ಟಿಗೆ ಮಣಿಕಟ್ಟು ಒತ್ತಲು, ಗೊಂಬೆ ನನ್ನ ಎಡಗೈಯಲ್ಲಿಲ್ಲ. ನನ್ನ ನಾಲ್ಕು ಕೂದಲಿನ ಬ್ರಶ್ಶು ಆ ಕಣ್ಣಿನ ಎದುರಿಗೆ ಇರುವೆಯ ಮೀಸೆಯಂತೆ ಕಂಡಿತು.

ಚೌಡಪ್ಪನವರು ತಮ್ಮ ದಪ್ಪ ಬ್ರಶ್ಶನ್ನು ಕಪ್ಪು ಬಣ್ಣದಲ್ಲಿ ಅದ್ದಿ ನನ್ನ ಕೈಗೆ ಕೊಟ್ಟು, ಕನ್ನಡಿ ಎತ್ತಿ ಹಿಡಿದರು. ಅವರ ಕೈಯಲ್ಲಿ ಕನ್ನಡಿಯೂ ನಡುಗಿತು. ಕನ್ನಡಿಯೊಳಗೆ ಅಮ್ಮನ ಮುಖ ಅಲುಗಾಡುತ್ತಿತ್ತು. ನಾನು ಕೈ ಚಾಚಿದೆ. ಭುಜದಿಂದ ಹೊರಟ ನಡುಕ ಬೆರಳಿಗೆ ಬರುವಷ್ಟರಲ್ಲಿ ಬೆಳೆದಿತ್ತು. ಇನ್ನು ಒಂದು ಬೆರಳು ಮುಂದೆ ಹೋದರೆ ಬ್ರಶ್ಶು ಬಿಳಿಯನ್ನು ಮುಟ್ಟುತ್ತದೆ. ಮುಟ್ಟಿದರೆ ಒರೆಸುವಂತಿಲ್ಲ. ಹೊರಗೆ ಯಾರೋ ಕೆಮ್ಮಿದರು. ಪುರೋಹಿತರು ಮುಹೂರ್ತಕ್ಕೆ ಹೆಚ್ಚು ಹೊತ್ತಿಲ್ಲವೆಂದು ಕೂಗಿ ಹೇಳಿದರು. ನಾನು ಕೈ ಇಳಿಸಿದೆ. ಮತ್ತೆ ಎತ್ತಿದೆ, ಮತ್ತೆ ಇಳಿಸಿದೆ.

"ನನ್ನ ಕೈಯಲ್ಲಿ ಆಗೂದಿಲ್ಲ," ಎಂದೆ, ಪಿಸುದನಿಯಲ್ಲಿ.

ಚೌಡಪ್ಪನವರ ಮುಖ ಇದ್ದಕ್ಕಿದ್ದಂತೆ ಮುದಿಯಾಯಿತು. ಬಯ್ದಿದ್ದರೆ ಚೆನ್ನಾಗಿತ್ತು. ಅವರು ಪರದೆಯ ಕಡೆ ನೋಡಿದರು. ಅದರಾಚೆ ಇಡೀ ಊರು ಕೂತಿತ್ತು, ನಾಳೆಯಿಂದ ಆ ಊರು ಅವರದ್ದಲ್ಲ. ನಾನು ಅಳುವುದೊಂದು ಬಾಕಿ. ಮೂರು ವಾರದ ಜಂಬವೆಲ್ಲ ಬೆವರಾಗಿ ಬೆನ್ನ ಮೇಲೆ ಇಳಿಯುತ್ತಿತ್ತು.

ಆಗ ಹೊಳೆದದ್ದು ಬುದ್ಧಿಯಿಂದಲ್ಲ, ಗಾಬರಿಯಿಂದ. ನನ್ನ ಕೈಗೆ ಇಷ್ಟು ದೊಡ್ಡ ಕಣ್ಣು ಬರೆಯಲು ಬರುವುದಿಲ್ಲ, ಆದರೆ ಕೈಗೆ ಆಸರೆಯಾಗುವ ಮೇಜಿನ ಕೆಲಸ ಗೊತ್ತು. ಅವರ ಕೈಗೆ ಕಣ್ಣು ಗೊತ್ತು, ಮೇಜಿಲ್ಲ. ನಾನು ಅಮ್ಮನ ಪಕ್ಕಕ್ಕೆ ಹೋಗಿ ನಿಂತೆ, ಅವಳ ಹಾಗೇ ಪರದೆಯ ಕಡೆ ಮುಖ ಮಾಡಿ. ಎಡಗೈಯನ್ನು ಅವಳ ಗಲ್ಲದ ಎದುರಿಗೆ ಅಡ್ಡವಾಗಿ ಚಾಚಿ, ಬಲಗೈಯಿಂದ ಅದನ್ನು ಕೆಳಗಿನಿಂದ ಒತ್ತಿ ಹಿಡಿದೆ. ಮಣಿಕಟ್ಟನ್ನು ಇದರ ಮೇಲೆ ಊರಿ, ಗಟ್ಟಿಯಾಗಿ ಒತ್ತಿ, ಅರ್ಧ ಉಸಿರು ಬಿಟ್ಟು ನಿಲ್ಲಿಸಿ ಎಂದೆ. ನನ್ನ ಮೇಜಿನ ಎದುರು ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಮಾತೇ ಅದು. ಅವರು ಕನ್ನಡಿಯನ್ನು ಗೋಡೆಗೆ ಒರಗಿಸಿ, ಬ್ರಶ್ಶು ತೆಗೆದುಕೊಂಡರು.

"ಕನ್ನಡಿ?" ಎಂದೆ.

"ಅದಿರಲಿ. ನೀವು ಅಲ್ಲಾಡಬ್ಯಾಡಿ."

ಅವರ ಮಣಿಕಟ್ಟು ನನ್ನ ತೋಳಿನ ಮೇಲೆ ಬಂದು ಕೂತಿತು. ನಾನು ಕಣ್ಣು ಮುಚ್ಚಿಕೊಂಡೆ. ಹೆದರಿಕೆ, ಮತ್ತೇನಿಲ್ಲ. ಅವರ ನಡುಕ ನನ್ನ ತೋಳಿಗೆ ಇಳಿಯಿತು, ಮೊದಲು ಜೋರಾಗಿ, ಆಮೇಲೆ ಸಣ್ಣಗೆ. ನಾನು ಹಲ್ಲು ಕಚ್ಚಿ ತೋಳನ್ನು ಕಲ್ಲು ಮಾಡಿಕೊಂಡೆ. ಎಲ್ಲೋ ಒಂದು ಕಡೆ ನಡುಕ ನಿಂತಿತು. ಮಣಿಕಟ್ಟು ನಿಧಾನ ಉರುಳಿ ಜಾರಿತು. ಬ್ರಶ್ಶಿನ ಸದ್ದು ಕೇಳಿಸಿತೆಂದು ನನಗೆ ಅನಿಸುತ್ತದೆ, ಹೊಸ ಬಟ್ಟೆಯ ಮೇಲೆ ಬೆರಳಾಡಿಸಿದಂಥ ಸದ್ದು. ಉಸಿರು ಬಿಟ್ಟರು. ನಾನೂ ಬಿಟ್ಟೆ. "ಇನ್ನೊಂದು," ಎಂದರು. ಎರಡನೆಯದಕ್ಕೆ ನನ್ನ ತೋಳು ಸೋಲತೊಡಗಿತ್ತು. ಬೇಗ ಎನ್ನಲು ಬಾಯಿ ತೆರೆದು ಮತ್ತೆ ಮುಚ್ಚಿದೆ. ಅವರು ಬೇಗ ಮಾಡಲಿಲ್ಲ. ಮೊದಲಿನದಕ್ಕಿಂತ ನಿಧಾನವಾಗಿ, ಮಧ್ಯೆ ಒಂದು ಸಲವೂ ಎತ್ತದೆ, ಎಳೆದು ಮುಗಿಸಿದರು. ಆಮೇಲೂ ಬಹಳ ಹೊತ್ತು ಅವರ ಕೈ ನನ್ನ ತೋಳಿನ ಮೇಲೆ ಹಾಗೇ ಇತ್ತು.

ಆಯಿತೆಂದು ಅವರು ಹೇಳಿದ ಮೇಲೆ ನಾನು ಕಣ್ಣು ಬಿಟ್ಟು, ಅತ್ತ ನೋಡದೆ, ಕನ್ನಡಿ ಎತ್ತಿಕೊಂಡು ಕ್ರಮದಂತೆ ಹಿಡಿದು ನಿಂತೆ. ಪರದೆ ಸರಿಯಿತು. ಡೊಳ್ಳು ಒಮ್ಮೆಲೇ ಬಡಿಯಿತು. ನಾಯ್ಕರು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಬಗ್ಗಿ ಅಮ್ಮನ ಮುಖ ನೋಡಿದರು. ಹಿಂದೆ ನಿಂತಿದ್ದ ಹುಡುಗರೂ ನೋಡಿದರು. ಮುಂದಿನ ಸಾಲಿನ ಒಬ್ಬಳು ಮುದುಕಿ, "ನನ್ನನ್ನೇ ಕಾಣ್ತಾ ಅದಾಳೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಚೆ ತುದಿಯಲ್ಲಿದ್ದ ಇನ್ನೊಬ್ಬಳು, ಇಲ್ಲ, ನನ್ನನ್ನು ಎಂದಳು. ನಾಯ್ಕರು ಎಲೆಯಡಿಕೆ, ತೆಂಗಿನಕಾಯಿ, ಪಂಚೆ ಇಟ್ಟ ಹರಿವಾಣವನ್ನು ಚೌಡಪ್ಪನವರಿಗೆ ನೀಡಿ, ಮುಂದಿನ ಸಲಕ್ಕೂ ಇದೇ ಕೈ ಎಂದರು. ವೀಳ್ಯ ಕೊಟ್ಟರೆ ಮಾತು ಕೊಟ್ಟ ಹಾಗೆ, ಇನ್ನು ಅದನ್ನು ಯಾರೂ ತೆಗೆಯುವಂತಿಲ್ಲ. ತೆಗೆದುಕೊಳ್ಳುವಾಗ ಅವರ ಕೈ ಗಡಗಡ ನಡುಗಿತು. ಊರವರು ಭಕ್ತಿ ಎಂದುಕೊಂಡರು.

ಊರವರಿಂದ ಬೀಳ್ಕೊಂಡು ವ್ಯಾನು ಹತ್ತಿದೆವು. ಈ ಸಲ ಅವರೂ ನನ್ನ ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಕೂತರು. ಮಣ್ಣಿನ ರಸ್ತೆ ಮುಗಿದು ಡಾಂಬರು ಸಿಕ್ಕ ಮೇಲೆ ನನ್ನ ತಲೆ ಸ್ವಲ್ಪ ಸ್ವಸ್ಥವಾಯಿತು. ಗೋಡೆಗೆ ಒರಗಿದ್ದ ಕನ್ನಡಿ ನೆನಪಾಯಿತು. ಅದು ನೆಲದಿಂದ ಮೊಣಕಾಲಿನ ಎತ್ತರ ಇತ್ತು. ಅಲ್ಲಿಂದ ಅಮ್ಮನ ಪಾದ ಕಾಣಬಹುದೇ ಹೊರತು ಮುಖವಲ್ಲ.

"ನೀವು ನೇರ ನೋಡಿ ಬರದ್ರಾ?" ಎಂದು ಕೇಳಿದೆ.

ಅವರು ತಲೆಯಾಡಿಸಿದರು. ಇಷ್ಟು ವರ್ಷ ಅವಳ ಕಣ್ಣನ್ನು ಬರೆದಿದ್ದೇನೆ, ಅವಳು ಕಣ್ಣು ಬಿಡುವುದನ್ನು ಒಂದು ಸಲವೂ ನೋಡಿರಲಿಲ್ಲ, ಕನ್ನಡಿಯಲ್ಲಿ ತಿರುಗಿ ಕಂಡದ್ದಷ್ಟೇ ಎಂದರು. ಹೆದರಿಕೆ ಆಗಲಿಲ್ಲವೇ ಎಂದೆ. ಅವರು ತೊಡೆಯ ಮೇಲಿನ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು.

"ಹೆದರಿದ್ದು ಅವಳು, ಭಟ್ರೆ," ಎಂದರು. "ಆಗಷ್ಟೇ ಕಣ್ಣು ಬಿಟ್ಟಿದ್ದಲ್ವ, ಎಳೇ ಮಗು ಹಾಂಗೆ ನೋಡಿದ್ಳು. ಯಾರಾದ್ರೂ ಎದುರಿಗೆ ಇರಬೇಕು ಅನ್ನಿಸ್ತು." ಆಮೇಲೆ ನನ್ನ ಕಡೆ ತಿರುಗಿ, ಬಯ್ಯುವ ದನಿಯಲ್ಲಲ್ಲ, ನಿಜವಾಗಿ ಕನಿಕರದಿಂದ ಹೇಳಿದರು: "ನೀವೂ ನೋಡಬೌದಿತ್ತು. ಒಂದು ಗೇಣು ದೂರದಲ್ಲಿ ಇದ್ರಿ."

ಇಮ್ತಿಯಾಜ್ ಗೇರು ಬದಲಿಸಿದ. ನಾನು ಕಣ್ಣು ಮುಚ್ಚಿಕೊಂಡಿದ್ದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದು ಅವರಿಗೆ ಗೊತ್ತಿತ್ತು.